ಡಿ.ಎಲ್.ಎಡ್, ಬಿ.ಎಡ್ ತರಗತಿಯಲ್ಲಿ ಎಚ್‌ಐವಿ: ಡಿಸೆಂಬರ್ 1ರ ಜಾಥಾ ಮುಗಿದ ಮೇಲೆ ಏನು?

ಶಾಲ್ಮಲೆ_ದಂಡೆ

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಒಂದರಲ್ಲಿ ಡಿ.ಎಲ್.ಎಡ್ (ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ) ಪ್ರಶಿಕ್ಷಣಾರ್ಥಿಗಳಿಗೆ ಪಾಠ ಮಾಡುತ್ತೇನೆ. ನಮ್ಮಲ್ಲಿ ಎಚ್‌ಐವಿ ವರ್ಷಕ್ಕೊಮ್ಮೆ ಬರುತ್ತದೆ, ಡಿಸೆಂಬರ್ 1ಕ್ಕೆ, ವಿಶ್ವ ಏಡ್ಸ್ ದಿನದಂದು. ಕೆಂಪು ರಿಬ್ಬನ್, ಜಾಥಾ, ಪ್ರತಿಜ್ಞೆ, ಅತಿಥಿ ಭಾಷಣ, ಫೋಟೊ. ಮರುದಿನ ಎಲ್ಲರೂ ಮತ್ತೆ ಪಾಠ ಯೋಜನೆ ಬರೆಯಲು ಕೂರುತ್ತಾರೆ.

ರಸಪ್ರಶ್ನೆ ಇಟ್ಟರೆ ಇವರನ್ನು ಸೋಲಿಸಲು ಆಗದು. ಸೊಳ್ಳೆಯಿಂದ ಬರುತ್ತದೆಯೇ? ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ? ಇಲ್ಲ. ಅಪ್ಪಿಕೊಂಡರೆ, ಒಂದೇ ಶೌಚಾಲಯ ಬಳಸಿದರೆ? ಇಲ್ಲ, ಇಲ್ಲ. ಈ ಸಲ ಪ್ರಶ್ನೆಯನ್ನೇ ಬದಲಿಸಿ ಕೇಳಿದೆ: "ನೀವು ಇಂಟರ್ನ್‌ಶಿಪ್‌ಗೆ ಹೋದ ಶಾಲೆಯಲ್ಲಿ ಒಂದು ಮಗುವಿಗೆ ಎಚ್‌ಐವಿ ಇದೆ ಅಂತ ಅಡುಗೆಯವರು ನಿಮ್ಮ ಕಿವಿಯಲ್ಲಿ ಹೇಳಿದರು. ಬಿಸಿಯೂಟದ ಹೊತ್ತು. ಏನು ಮಾಡ್ತೀರಿ?"

ಬಂದ ಉತ್ತರಗಳು: "ಆ ಮಗುವಿನ ತಟ್ಟೆ ಬೇರೆ ಇಡ್ತೀವಿ ಮೇಡಂ, ಆದ್ರೆ ಮಗುವಿಗೆ ಗೊತ್ತಾಗದ ಹಾಗೆ." "ಹೆಡ್ ಮಾಸ್ತರಿಗೆ ಹೇಳ್ತೀವಿ." "ಉಳಿದ ಪೋಷಕರಿಗೂ ತಿಳಿಸಬೇಕಲ್ವಾ ಮೇಡಂ?" ಊಟದಿಂದ ಹರಡುವುದಿಲ್ಲ ಎಂದು ಹತ್ತು ನಿಮಿಷದ ಹಿಂದೆ ಕೈ ಎತ್ತಿದವರೇ ಇವರು. ಅಡುಗೆಯವರಿಗೆ ಈ ವಿಷಯ ಹೇಗೆ ಗೊತ್ತಾಯಿತು, ಯಾರು ಹೇಳಿದರು ಎಂದು ಒಬ್ಬರೂ ಕೇಳಲಿಲ್ಲ.

ಹಾಗಾಗಿ ಮಾಹಿತಿ ಕೊಟ್ಟರೆ ಕಳಂಕ ಹೋಗುತ್ತದೆ ಎಂಬ ನಂಬಿಕೆ ನನಗೆ ಉಳಿದಿಲ್ಲ. ಮಾಹಿತಿ ಇವರ ಬಳಿ ಇದೆ. ಶಿಕ್ಷಕರಾಗಿ ಆ ಗಳಿಗೆಯಲ್ಲಿ ಏನು ಮಾಡಬೇಕು, ಯಾವುದನ್ನು ಬಾಯಿ ಬಿಡಬಾರದು ಎಂಬ ಅಭ್ಯಾಸ ಇಲ್ಲ. ಅದನ್ನು ತರಗತಿಯಲ್ಲಿ ಹೇಗೆ ಮಾಡಿಸುವುದು? ಮಾಡಿ ನೋಡಿದವರು ಬರೆಯಿರಿ.

ಜೀವಶಾಸ್ತ್ರ_ಮೇಷ್ಟ್ರು

ಮೊದಲು ಬೇರಿಗೆ ಕೈ ಹಾಕಿ ಮೇಡಂ. ಹತ್ತನೇ ತರಗತಿ ವಿಜ್ಞಾನದಲ್ಲಿ "ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?" ಅಂತ ಪಾಠ ಇದೆ. ಎಚ್‌ಐವಿ ಬರುವುದು ಅದರ ಕೊನೆಗೆ. ಎಷ್ಟು ಶಾಲೆಗಳಲ್ಲಿ ಆ ಪುಟಗಳನ್ನು "ಮನೇಲಿ ಓದ್ಕೊಳ್ಳಿ" ಅಂತ ದಾಟಿಸುತ್ತಾರೋ ಎಲ್ಲರಿಗೂ ಗೊತ್ತು. ಹೂವಿನ ಪರಾಗಸ್ಪರ್ಶಕ್ಕೆ ಎರಡು ಪೀರಿಯಡ್, ಮನುಷ್ಯನಿಗೆ ಅರ್ಧ. ಹಾಗೆ ದಾಟಿಸಿಕೊಂಡು ಬಂದ ಮಕ್ಕಳೇ ನಾಳೆ ನಿಮ್ಮ ಪ್ರಶಿಕ್ಷಣಾರ್ಥಿಗಳು.

2007ರಲ್ಲಿ ಲೈಂಗಿಕತೆ, ಎಚ್‌ಐವಿ ಬಗ್ಗೆ ಶಾಲೆಯಲ್ಲಿ ತಿಳಿಸುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹಲವು ರಾಜ್ಯಗಳು ತಡೆಹಿಡಿದವು, ಕರ್ನಾಟಕವೂ ಅದರಲ್ಲಿತ್ತು. ಕೈಪಿಡಿಯ ಚಿತ್ರಗಳು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಅಂತ ಗಲಾಟೆ. ಚಿತ್ರದ ಜೊತೆಗೆ ಮಾತೂ ನಿಂತುಹೋಯಿತು. ಈ ವಿಷಯ ಮುಟ್ಟಿದರೆ ಪೋಷಕರು ಬಂದು ಕೂಗಾಡುತ್ತಾರೆ ಎಂಬ ಭಯ ಸ್ಟಾಫ್‌ರೂಮಿನಲ್ಲಿ ಇವತ್ತಿಗೂ ಇದೆ.

ನಿವೃತ್ತ_ಹೆಡ್‌ಮಾಸ್ಟರ್

ಎಲ್ಲ ಸರಿ. ಆದರೆ ಮೂವತ್ತು ವರ್ಷ ಶಾಲೆ ನಡೆಸಿದವನಾಗಿ ಹೇಳುತ್ತೇನೆ: ಯಾವ ಮಗುವಿಗೆ ಏನಿದೆ ಎಂದು ಮುಖ್ಯೋಪಾಧ್ಯಾಯನಿಗಾದರೂ ಗೊತ್ತಿರಬೇಕು. ಮಕ್ಕಳು ಬೀಳುತ್ತವೆ, ಮೂಗಲ್ಲಿ ರಕ್ತ ಸುರಿಯುತ್ತದೆ, ಕಚ್ಚಾಡುತ್ತವೆ. ಇನ್ನೂರು ಮಕ್ಕಳ ಜವಾಬ್ದಾರಿ ನನ್ನದು. ಗೊತ್ತಿದ್ದರೆ ಎಚ್ಚರ ವಹಿಸಬಹುದು. ಇದನ್ನು ಕಳಂಕ ಅನ್ನುವುದು ಸರಿಯಲ್ಲ. ಜವಾಬ್ದಾರಿ ಅನ್ನಿ.

ಮಂಡ್ಯ_ವಕೀಲ

ಸರ್, ಗೊತ್ತಿರಬೇಕು ಎಂದು ನಿಮಗೆ ಅನ್ನಿಸಬಹುದು. ಕೇಳುವ ಹಕ್ಕು ನಿಮಗಿಲ್ಲ.

ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 3ನೇ ಸೆಕ್ಷನ್ ಪ್ರಕಾರ ಎಚ್‌ಐವಿ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಿರುವುದು, ತೆಗೆದುಹಾಕುವುದು, ಶಾಲೆಯೊಳಗೆ ಬೇರೆ ಮಾಡಿ ಕೂರಿಸುವುದು ಎಲ್ಲವೂ ತಾರತಮ್ಯ. ಪ್ರವೇಶಕ್ಕೋ ನೌಕರಿಗೋ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅನ್ನುವಂತಿಲ್ಲ. 8ನೇ ಸೆಕ್ಷನ್ ಪ್ರಕಾರ ನ್ಯಾಯಾಲಯದ ಆದೇಶದ ಹೊರತು ಯಾರನ್ನೂ ತನ್ನ ಸ್ಥಿತಿ ಹೇಳು ಅಂತ ಒತ್ತಾಯಿಸುವಂತಿಲ್ಲ. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು, ರಾಜ್ಯ ಮಟ್ಟದಲ್ಲಿ ದೂರು ವಿಚಾರಿಸುವ ಓಂಬುಡ್ಸ್‌ಮನ್.

ನನಗೆ ತುಂಬಾ ಹಿಡಿಸಿದ ಭಾಗ ಇನ್ನೊಂದಿದೆ. ಮನೆಯಲ್ಲಿ ದೊಡ್ಡವರು ಕಾಯಿಲೆ ಬಿದ್ದೋ ತೀರಿಹೋಗಿಯೋ 12 ದಾಟಿದ ಅಕ್ಕನೋ ಅಣ್ಣನೋ ಸಂಸಾರ ನೋಡಿಕೊಳ್ಳುತ್ತಿದ್ದರೆ, ತಿಳಿವಳಿಕೆ ಇರುವ ಆ ಮಗು ತನ್ನ ತಮ್ಮ ತಂಗಿಯನ್ನು ಶಾಲೆಗೆ ಸೇರಿಸಲು ಪೋಷಕರ ಸ್ಥಾನದಲ್ಲಿ ನಿಲ್ಲಬಹುದು. "ಹೋಗಿ ಅಪ್ಪನ್ನ ಕರ್ಕೊಂಡು ಬಾ" ಅಂತ ವಾಪಸ್ ಕಳಿಸುವ ಶಿಕ್ಷಕರಿಗೆ ಇದು ಗೊತ್ತಿದೆಯೇ? ಬಿ.ಎಡ್‌ನಲ್ಲಿ ಯಾರಾದರೂ ಹೇಳಿದ್ದಾರೆಯೇ?

ಬಿಎಡ್_ಶಿವಮೊಗ್ಗ

ಎರಡನೇ ವರ್ಷ ಓದ್ತಿದ್ದೀನಿ. ಇಲ್ಲ ಸರ್, ಯಾರೂ ಹೇಳಿಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಬಾಯಿಪಾಠ ಬರುತ್ತೆ, ಈ ಕಾಯ್ದೆಯ ಹೆಸರೇ ಇವತ್ತು ಕೇಳಿದ್ದು.

ನಿವೃತ್ತ_ಹೆಡ್‌ಮಾಸ್ಟರ್

ಕಾಯ್ದೆ ದೆಹಲಿಯಲ್ಲಿ ಆಗುತ್ತದೆ ವಕೀಲರೇ, ಶಾಲೆ ಊರಲ್ಲಿ ಇರುತ್ತದೆ. ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಒಡಹುಟ್ಟಿದ ಇಬ್ಬರು ಮಕ್ಕಳನ್ನು ಎಚ್‌ಐವಿ ಕಾರಣಕ್ಕೆ ಶಾಲೆಯಿಂದ ದೂರ ಇಟ್ಟದ್ದು ನೆನಪಿದೆಯಾ? 2003ರಲ್ಲಿ ಆಗಿನ ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಆ ಮಕ್ಕಳನ್ನು ಅಪ್ಪಿಕೊಂಡ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ಅಕ್ಷರಸ್ಥರ ರಾಜ್ಯದಲ್ಲೇ ಮಂತ್ರಿ ಬಂದು ಅಪ್ಪಿಕೊಳ್ಳಬೇಕಾಯಿತು. ನನ್ನ ಊರಿಗೆ ಯಾವ ಮಂತ್ರಿ ಬರುತ್ತಾರೆ? ಹತ್ತು ಜನ ಪೋಷಕರು ಟಿಸಿ ಕೊಡಿ ಅಂತ ನಿಂತರೆ ಶಾಲೆಯೇ ಮುಚ್ಚುವ ಸ್ಥಿತಿ. ಆಗ ಓಂಬುಡ್ಸ್‌ಮನ್ ಬಂದು ಹಾಜರಾತಿ ತುಂಬಿಸುತ್ತಾರಾ?

ಗುಳಿಗೆ_ಲೆಕ್ಕ

ಸರ, ನಿಮ್ಮ ಚಿಂತಿ ಖರೇನ ಐತಿ. ನಾ ಬಾಗಲಕೋಟಿ ಕಡೆ ಎಆರ್‌ಟಿ (ಎಚ್‌ಐವಿ ಔಷಧ) ಕೇಂದ್ರದಾಗ ಆಪ್ತಸಮಾಲೋಚಕ ಇದ್ದೀನಿ. ಒಂದ ಮಾತ ಕೇಳ್ತೀನಿ. ನಿಮ್ಮ ಸಾಲ್ಯಾಗ ಯಾವ ಹುಡುಗಗ ಹೆಪಟೈಟಿಸ್ ಬಿ ಐತಿ ಅಂತ ಪಟ್ಟಿ ಇಟ್ಟಿದ್ರೇನು? ರಕ್ತದ ಮೂಲಕ ಎಚ್‌ಐವಿಗಿಂತ ಅದು ಭಾಳ ಸಲೀಸ ಹರಡತೈತಿ. ಅದರ ಬಗ್ಗೆ ಯಾರೂ ಸಾಲಿ ಬಾಗಲಕ್ಕ ಬಂದು ನಿಂದರೂದಿಲ್ಲ.

ಪಟ್ಟಿ ಇಟ್ಟ ಸಾಲಿಗೇ ಧೋಕಾ ಜಾಸ್ತಿ ಅಂತ ನಾ ಹೇಳ್ತೀನಿ. ಯಾಕಂದ್ರ ಪಟ್ಟಿಯೊಳಗ ಬರೂದು ಪರೀಕ್ಷಾ ಮಾಡಿಸಿದವರ ಹೆಸರ ಅಷ್ಟ. ಅವರು ಗುಳಿಗಿ ತಗೊಳ್ತಿರತಾರ, ವೈರಲ್ ಲೋಡ್, ಅಂದ್ರ ರಕ್ತದಾಗಿನ ವೈರಸ್ ಪ್ರಮಾಣ, ಇಳಿದಿರತೈತಿ. ಪರೀಕ್ಷಾನ ಆಗದ ಹುಡುಗ ಯಾವ ಪಟ್ಟಿಯೊಳಗೂ ಇಲ್ಲ. ನೀವು ಪಟ್ಟಿ ನೋಡಿ ಅಂವನ ರಕ್ತ ಬರೇ ಕೈಲೆ ಒರಸ್ತೀರಿ.

ಅದಕ್ಕ ಎಲ್ಲಾರಿಗೂ ಒಂದ ಪದ್ಧತಿ. ಯಾರದರ ರಕ್ತ ಇರಲಿ, ಕೈಗವಸ ಹಾಕ್ಕೊಳ್ಳೂದು. ಗವಸ ಇಲ್ಲಂದ್ರ ಸ್ವಚ್ಛ ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಳ್ಳೂದು. ಗಾಯ ನೀರಿಲೆ ತೊಳದು ಪಟ್ಟಿ ಕಟ್ಟೂದು. ನೆಲದ ಮ್ಯಾಲ ಬಿದ್ದದ್ದಕ್ಕ ಬ್ಲೀಚಿಂಗ್ ಪುಡಿ ನೀರ ಹಾಕಿ ಒರಸೂದು. ಆಮ್ಯಾಲ ಸಾಬೂನಿಲೆ ಕೈ ತೊಳಕೊಳ್ಳೂದು. ಇಷ್ಟು ಮಾಡಿದ್ರ ಯಾವ ಹುಡುಗಗ ಏನೈತಿ ಅಂತ ತಿಳಕೊಳ್ಳೂ ಜರೂರತ್ತ ಎಲ್ಲಿ ಬಂತು? ಇದನ್ನ ಟ್ರೇನಿಂಗ್‌ದಾಗ ಕೈಯಾರೆ ಮಾಡಿಸ್ರಿ ಅಕ್ಕೋರ. ಭಾಷಣ ಬ್ಯಾಡ, ಕೆಂಪು ಮಸಿ ಚೆಲ್ಲಿ ಒರಸಾಕ ಹಚ್ಚರಿ.

ಇನ್ನ ಒಂದ. ನಿಮ್ಮ ಪ್ರಶಿಕ್ಷಣಾರ್ಥಿಗೋಳ ತಲ್ಯಾಗ ಇರೂ ಏಡ್ಸ್ ಹಳೇ ಪೋಸ್ಟರಿನ ಏಡ್ಸ್. ಸರಕಾರ ಪುಕ್ಕಟೆ ಎಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್ 1ಕ್ಕ. 2017ರಿಂದ ಸಿಡಿ4 (ರೋಗನಿರೋಧಕ ಕಣಗಳ ಎಣಿಕಿ) ಎಷ್ಟರ ಇರಲಿ, ಸೋಂಕ ಗೊತ್ತಾದ ಕೂಡಲೇ ಔಷಧ. ಈಗ ದೊಡ್ಡವರಿಗೆ ಹೆಚ್ಚಾಗಿ ದಿನಕ್ಕ ಒಂದ ಗುಳಿಗಿ. ತಪ್ಪದ ತಗೊಂಡು ವೈರಲ್ ಲೋಡ್ ಪತ್ತೆಯಾಗದಷ್ಟು ಇಳದಿದ್ರ ಲೈಂಗಿಕ ಸಂಪರ್ಕದಿಂದನೂ ಹರಡೂದಿಲ್ಲ ಅಂತ ಸಾಬೀತಾಗೇತಿ. ಚಿಕಿತ್ಸಾ ಇಲ್ಲದ ತಾಯಿಯಿಂದ ಕೂಸಿಗೆ ಬರೂ ಸಾಧ್ಯತೆ ನೂರಕ್ಕ 15ರಿಂದ 45, ಚಿಕಿತ್ಸಾ ಸರಿ ಇದ್ರ 5ಕ್ಕಿಂತ ಕಡಿಮಿ. ನಮ್ಮ ಕೇಂದ್ರಕ್ಕ ಬರೂ ಹುಡುಗರು ಕಬಡ್ಡಿ ಆಡ್ತಾರ, ಪಿಯುಸಿ ಪಾಸ್ ಆಗ್ತಾರ, ಮದುವಿ ಆಗ್ತಾರ. ಕಾಲೇಜಿನ ಗ್ವಾಡಿ ಮ್ಯಾಲ ಇನ್ನೂ ಬುರುಡಿ ಚಿತ್ರ.

ಜೀವಶಾಸ್ತ್ರ_ಮೇಷ್ಟ್ರು

ಬುರುಡೆ ಅಂದಿರಲ್ಲ, ಡಿಸೆಂಬರ್ 1ರ ಚಿತ್ರಕಲಾ ಸ್ಪರ್ಧೆಯ ಹಾಳೆಗಳನ್ನು ನೋಡಿ. ಅರ್ಧಕ್ಕರ್ಧ ಅಸ್ಥಿಪಂಜರ, ರಾಕ್ಷಸ, ನೇಣುಹಗ್ಗ. ಅದಕ್ಕೇ ಮೊದಲ ಬಹುಮಾನ. ಜಾಗೃತಿಯ ಹೆಸರಲ್ಲಿ ನಾವೇ ಕಲಿಸುವ ಕಳಂಕ ಇದು.

ಎರಡು_ಮಕ್ಕಳ_ತಾಯಿ

ನಾನು ಶಿಕ್ಷಕಿಯಲ್ಲ, ಸುಮ್ಮನೆ ಓದುತ್ತಿದ್ದೆ. ಬೈಯಬೇಡಿ. ಇಷ್ಟೆಲ್ಲ ಓದಿದ ಮೇಲೂ ನನ್ನ ಮಗಳ ಪಕ್ಕ ಕೂರುವ ಮಗುವಿಗೆ ಇದೆ ಅಂತ ಗೊತ್ತಾದರೆ ಎದೆ ಝಲ್ ಅನ್ನುತ್ತೆ. ಯುಕೆಜಿ ಮಕ್ಕಳು ಕಚ್ಚುತ್ತವೆ. ಅದಕ್ಕೇನು ಹೇಳ್ತೀರಿ?

ಗುಳಿಗೆ_ಲೆಕ್ಕ

ಬೈಯೂದ್ಯಾಕ ತಂಗಿ. ಜೊಲ್ಲಿನಿಂದ ಎಚ್‌ಐವಿ ಬರೂದಿಲ್ಲ. ಚರ್ಮ ಹರಿಯದ ಕಚ್ಚಿದ್ರ ಏನೂ ಭಯ ಇಲ್ಲ. ಸಾಲ್ಯಾಗ ಒಂದಕಡೆ ಕುಂತು ಆಡಿ ಉಂಡು ಬಂದದ್ದರಿಂದ ಹರಡೂ ರೋಗ ಇದಲ್ಲ. ಮತ್ತೂ ಅನುಮಾನ ಇದ್ರ ಏಡ್ಸ್ ಸಹಾಯವಾಣಿ 1097ಕ್ಕ ಫೋನ್ ಹಚ್ಚರಿ, ಪುಕ್ಕಟೆ, ಹೆಸರ ಹೇಳೂದ ಬ್ಯಾಡ.

ಶಾಲ್ಮಲೆ_ದಂಡೆ

ಈ ತಾಯಿಯ ಪ್ರಶ್ನೆಯನ್ನೇ ತರಗತಿಗೆ ಒಯ್ಯುತ್ತೇನೆ. ಪಾಠ ಹೇಳಿದ ತಕ್ಷಣ ಭಯ ಹೋಗದು. ಭಯ ಇಟ್ಟುಕೊಂಡೇ ಸರಿಯಾಗಿ ನಡೆದುಕೊಳ್ಳುವುದನ್ನು ಶಿಕ್ಷಕರು ಕಲಿಯಬೇಕಾಗಿದೆ.

ಬಿಎಡ್_ಶಿವಮೊಗ್ಗ

ನಮ್ಮಲ್ಲಿ ಒಬ್ಬ ಸಂಪನ್ಮೂಲ ವ್ಯಕ್ತಿ ಬಂದು ಒಂದು ಆಟ ಆಡಿಸಿದ್ದರು. ಎಲ್ಲರೂ ಓಡಾಡಿ ಕೈಕುಲುಕಬೇಕು. ಮೊದಲೇ ಗುಟ್ಟಾಗಿ ಆರಿಸಿದ ಒಬ್ಬರು ಕೈಕುಲುಕುವಾಗ ಅಂಗೈ ಗೀರುತ್ತಾರೆ, ಗೀರಿಸಿಕೊಂಡವರು ಮುಂದಿನವರಿಗೆ ಗೀರಬೇಕು. ಕೊನೆಗೆ "ಗೀರಿಸಿಕೊಂಡವರು ಎದ್ದು ನಿಲ್ಲಿ, ನಿಮಗೆಲ್ಲ ಸೋಂಕು ತಗುಲಿದೆ" ಅಂತಾರೆ. ಎಲ್ಲರೂ ಓ ಅಂತ ಕೂಗಿ ನಕ್ಕಿದ್ವಿ. ಇಂಥದ್ದು ಉಪಯೋಗ ಆಗುತ್ತಾ?

ಶಾಲ್ಮಲೆ_ದಂಡೆ

ಕಾಡ್ಗಿಚ್ಚಿನ ಆಟ ಅಂತ ಕರೆಯುತ್ತಾರೆ, ಹಳೆಯ ತರಬೇತಿಗಳಲ್ಲಿ ಬಹಳ ಚಾಲ್ತಿಯಲ್ಲಿತ್ತು. ನಾನು ಆಡಿಸುವುದಿಲ್ಲ. ಕೈಕುಲುಕಿದರೆ ಬರುವುದಿಲ್ಲ ಅಂತ ಬೆಳಿಗ್ಗೆ ಹೇಳಿ, ಮಧ್ಯಾಹ್ನ ಕೈಕುಲುಕುವುದನ್ನೇ ಸೋಂಕಿನ ಸಂಕೇತ ಮಾಡಿದರೆ ಮೈಗೆ ನೆನಪುಳಿಯುವುದು ಯಾವುದು? ಅದರ ಮೇಲೆ "ಸೋಂಕಿತರು ಎದ್ದು ನಿಲ್ಲಿ" ಬೇರೆ.

ಕಪ್ಪುಹಲಗೆ

ಬರೆಯಬೇಕೋ ಬೇಡವೋ ಅಂತ ಎರಡು ದಿನದಿಂದ ನೋಡುತ್ತಿದ್ದೆ. ಈ ಆಟದ ವಿಷಯ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಹೆಸರು, ಊರು, ಕಾಲೇಜು ಕೇಳಬೇಡಿ.

ನನಗೆ ಹುಟ್ಟಿನಿಂದ ಎಚ್‌ಐವಿ ಇದೆ. ಬಿ.ಎಡ್ ಓದುತ್ತಿದ್ದೇನೆ. ಆ ಆಟ ನಮ್ಮಲ್ಲೂ ಆಯಿತು. ನನ್ನ ಅಂಗೈಯನ್ನು ಯಾರೂ ಗೀರಲಿಲ್ಲ. ಎಲ್ಲರ ಜೊತೆ ನಾನೂ "ಅಬ್ಬಾ, ಬಚಾವ್" ಅನ್ನಬೇಕಾಯಿತು. ನಿಂತವರನ್ನು ನೋಡಿ ತರಗತಿ ನಗುತ್ತಿತ್ತು.

ಉಪನ್ಯಾಸ ಕೊಡುವವರಿಗೆ ಒಂದು ವಿನಂತಿ. ನಿಮ್ಮ ಎದುರು ಕೂತವರಲ್ಲಿ ಒಬ್ಬರಿಗೆ ಎಚ್‌ಐವಿ ಇದೆ, ಇನ್ನೊಬ್ಬರ ಅಪ್ಪ ಅದರಿಂದ ತೀರಿಕೊಂಡಿದ್ದಾರೆ ಎಂದುಕೊಂಡೇ ಮಾತಾಡಿ. ದೇಶದಲ್ಲಿ ಸುಮಾರು 25 ಲಕ್ಷ ಜನ ಇದ್ದೇವೆ, ಶಿಕ್ಷಕರಾಗುವವರೂ ಅದರಲ್ಲಿದ್ದಾರೆ. ನೀವು ಯಾವಾಗಲೂ "ಅವರು" ಅನ್ನುತ್ತೀರಿ. "ಅವರನ್ನು ಪ್ರೀತಿಯಿಂದ ಕಾಣಬೇಕು." ನಾನು ಎರಡನೇ ಬೆಂಚಿನಲ್ಲಿ ನೋಟ್ಸ್ ಬರೆದುಕೊಳ್ಳುತ್ತಿರುತ್ತೇನೆ. "ಮಾಡಿದ್ದುಣ್ಣೋ ಮಾರಾಯ" ಅನ್ನುವ ಧಾಟಿಯಲ್ಲಿ ನಡತೆಯ ಪಾಠ ಶುರು ಮಾಡುವವರೂ ಇದ್ದಾರೆ. ನಾನು ಏನು ಮಾಡಿದ್ದೆ?

ಶಾಲೆಯಲ್ಲಿ ನನಗೆ ಬೇಕಿದ್ದದ್ದು ಪ್ರೀತಿಯಲ್ಲ, ವಿಶೇಷ ಗಮನವಂತೂ ಅಲ್ಲವೇ ಅಲ್ಲ. ಗುಳಿಗೆ ತರಲು ಅಜ್ಜಿ ಜೊತೆ ಜಿಲ್ಲಾಸ್ಪತ್ರೆಗೆ ಹೋಗಬೇಕಿತ್ತು, ಆ ದಿನ ಶಾಲೆ ತಪ್ಪುತ್ತಿತ್ತು. ಮರುದಿನ ಇಡೀ ತರಗತಿಯೆದುರು "ತಿಂಗಳು ತಿಂಗಳು ಎಲ್ಲಿ ಹಾಳಾಗಿ ಹೋಗ್ತೀಯ?" ಅಂತ ಕೇಳುವ ಮೇಷ್ಟ್ರು ಒಬ್ಬರು. ಏನೂ ಕೇಳದೆ "ನಿನ್ನೆದು ಇವಳ ಹತ್ರ ಬರ್ಕೊ" ಅನ್ನುವ ಟೀಚರ್ ಒಬ್ಬರು. ಆ ಟೀಚರಿಗೆ ನನ್ನ ವಿಷಯ ಗೊತ್ತಿತ್ತೋ ಇಲ್ಲವೋ ನನಗೆ ಈಗಲೂ ತಿಳಿಯದು. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ರಜೆಯ ಕಾರಣವನ್ನು ತರಗತಿಯೆದುರು ಕೇಳಬಾರದು ಅಂತ ಒಂದು ನಿಯಮ ಕಲಿಸಿ ಸಾಕು. ಅಪ್ಪ ಜೈಲಿನಲ್ಲಿರುವ ಮಗುವಿಗೂ, ಅಮ್ಮನ ಜೊತೆ ಕೂಲಿಗೆ ಹೋದ ಮಗುವಿಗೂ ಅದರಿಂದ ಉಪಕಾರ.

ಇನ್ನೊಂದು. ಸೋಂಕಿತರನ್ನು ಕರೆದು ಅನುಭವ ಹೇಳಿಸಿ ಅಂತ ಯಾರಾದರೂ ಬರೆಯುತ್ತೀರಿ, ಗೊತ್ತು. ಅದರಿಂದ ಮನಸ್ಸು ಬದಲಾಗುವುದು ನಿಜ, ನಾನೇ ಕಂಡಿದ್ದೇನೆ. ಆದರೆ ತಮ್ಮ ವಿಷಯವನ್ನು ಈಗಾಗಲೇ ಬಹಿರಂಗವಾಗಿ ಹೇಳಿಕೊಂಡವರನ್ನು, ಬೇರೆ ಜಿಲ್ಲೆಯಿಂದ, ಸರಿಯಾದ ಗೌರವಧನ ಕೊಟ್ಟು ಕರೆಯಿರಿ. ಕಣ್ಣೀರಿಗೆ ಕರೆಯಬೇಡಿ. ತರಗತಿಯಲ್ಲಿ ಮೊದಲೇ ಪ್ರಶ್ನೆ ಬರೆಸಿಕೊಂಡು "ನಿಮಗೆ ಹೇಗೆ ಬಂತು?" ಅನ್ನುವುದನ್ನು ತೆಗೆದುಹಾಕಿ.

ನಿವೃತ್ತ_ಹೆಡ್‌ಮಾಸ್ಟರ್

ಚೆನ್ನಾಗಿ ಬರೆದಿದ್ದೀಯಮ್ಮ. ನೌಕರಿ ಸಿಗಲಿ.

ಕಪ್ಪುಹಲಗೆ

ವಂದನೆಗಳು ಸರ್. ಹುಡುಗನೋ ಹುಡುಗಿಯೋ ಹೇಳಿರಲಿಲ್ಲ 🙂 ನೌಕರಿಗೆ ಸೇರುವಾಗ ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರಲ್ಲ, ಅದರ ಭಯ ಇತ್ತು. ವಕೀಲರು ಬರೆದದ್ದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.

ಮಂಡ್ಯ_ವಕೀಲ

ಧೈರ್ಯವಾಗಿರಿ. ನೌಕರಿಗಾಗಿ ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡುವಂತಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆಯನ್ನೇ ಮಾಡುವಂತಿಲ್ಲ.

ಚರ್ಚೆಗೆ ಇನ್ನೊಂದು ಗಂಟು ಹಾಕುತ್ತೇನೆ. ಆರ್‌ಟಿಇ ಅಡಿ ಖಾಸಗಿ ಶಾಲೆಯ ಶೇ 25 ಸೀಟಿಗೆ ಕರ್ನಾಟಕದಲ್ಲಿ ಅವಕಾಶವಂಚಿತ ಗುಂಪಿನ ಪಟ್ಟಿ ಇದೆಯಲ್ಲ: ಅನಾಥ, ವಲಸೆ, ಬೀದಿ ಮಕ್ಕಳು, ವಿಶೇಷ ಅಗತ್ಯವುಳ್ಳ ಮಕ್ಕಳು. ಅದರಲ್ಲೇ ಎಚ್‌ಐವಿ ಸೋಂಕಿತ ಅಥವಾ ಬಾಧಿತ ಮಕ್ಕಳೂ ಇದ್ದಾರೆ. ಒಳ್ಳೆಯದೇ. ಆದರೆ ಆ ಸೀಟು ಬೇಕೆಂದರೆ ಪ್ರಮಾಣಪತ್ರ ಬೇಕು. ಮಗು ಯಾವ ಗುಂಪಿನಲ್ಲಿ ಸೀಟು ಪಡೆಯಿತು ಎಂಬುದು ಶಾಲೆಯ ಕಚೇರಿಗೆ ಗೊತ್ತಾಗುತ್ತದೆ, ಗುಮಾಸ್ತರಿಗೆ ಗೊತ್ತಾದದ್ದು ಸ್ಟಾಫ್‌ರೂಮಿಗೆ ಎಷ್ಟು ದೂರ? 2019ರ ತಿದ್ದುಪಡಿಯ ಮೇಲೆ ಆ ಸೀಟುಗಳೇ ತೀರಾ ಕಡಿಮೆಯಾದವು, ಅದು ಬೇರೆ ಕಥೆ. ಸೌಲಭ್ಯ ಕೊಡುವ ಕಾಗದವೇ ಗುಟ್ಟು ಬಿಚ್ಚಿಡುವಾಗ ಶಿಕ್ಷಕರೇನು ಮಾಡಬೇಕು? ಕಾಯ್ದೆ ಪ್ರಕಾರ ಆ ಮಾಹಿತಿ ಇಟ್ಟುಕೊಂಡ ಸಂಸ್ಥೆ ಅದನ್ನು ಕಾಪಾಡಬೇಕು. ಕಾಪಾಡುವುದು ಅಂದರೆ ದಿನನಿತ್ಯದಲ್ಲಿ ಏನು, ಆ ಕಡತ ಯಾವ ಕಪಾಟಿನಲ್ಲಿ, ಬೀಗ ಯಾರ ಕೈಯಲ್ಲಿ? ನಾನು ಪಠ್ಯಕ್ರಮ ಬರೆಯುವವನಾಗಿದ್ದರೆ ವೈರಸ್ಸಿನ ರಚನೆ ಬಿಟ್ಟು ಇದನ್ನು ಹಾಕುತ್ತಿದ್ದೆ.

ಶಾಲ್ಮಲೆ_ದಂಡೆ

ಹೊಸ ವಿಷಯ ಸೇರಿಸಿ ಅಂದರೆ ವಿಶ್ವವಿದ್ಯಾಲಯ, ಡಿಎಸ್‌ಇಆರ್‌ಟಿ (ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಅಂತ ವರ್ಷಗಟ್ಟಲೆ ಅಲೆಯಬೇಕು. ಇರುವುದರೊಳಗೇ ಜಾಗ ಮಾಡಿಕೊಳ್ಳುತ್ತೇನೆ. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) 2014ರ ಪಠ್ಯಕ್ರಮದ ಬಿ.ಎಡ್‌ನಲ್ಲಿ ಎಲ್ಲ ಬಗೆಯ ಮಕ್ಕಳೂ ಒಟ್ಟಿಗೆ ಕಲಿಯುವ ಸಮನ್ವಯ ಶಾಲೆಯ ಬಗ್ಗೆ ಪತ್ರಿಕೆ ಇದೆ, ಲಿಂಗತ್ವ ಮತ್ತು ಸಮಾಜದ ಬಗ್ಗೆ ಇದೆ, 20 ವಾರ ಇಂಟರ್ನ್‌ಶಿಪ್ ಇದೆ. ಸಮನ್ವಯ ಅಂದರೆ ನಾವು ಗಾಲಿಕುರ್ಚಿ, ಬ್ರೈಲ್ ಅಷ್ಟಕ್ಕೇ ನಿಲ್ಲಿಸುತ್ತೇವೆ. ನಮ್ಮ ಡಿ.ಎಲ್.ಎಡ್‌ನಲ್ಲೂ ಹಾಗೆಯೇ.

ಅಣುಬೋಧನೆಯಲ್ಲಿ ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಬಳಕೆಯ ಕೌಶಲ ಅಂತ ಐದಾರು ನಿಮಿಷದ ತುಣುಕು ಮಾಡಿಸುತ್ತೇವಲ್ಲ, ಅದೇ ಅಚ್ಚಿನಲ್ಲಿ ಇದನ್ನೂ ಮಾಡಿಸುವ ಯೋಚನೆ. ಒಬ್ಬರು ಪೋಷಕರಾಗಿ ಬಂದು ಜೋರು ಮಾಡುವುದು: "ಆ ಹುಡುಗನಿಗೆ ಅದು ಇದೆಯಂತೆ, ಹೌದೋ ಇಲ್ಲವೋ ಹೇಳಿ." ಶಿಕ್ಷಕರಾದವರು ಉತ್ತರಿಸಬೇಕು. "ಇಲ್ಲ" ಅಂದರೆ ನಾಳೆ ಇನ್ನೊಂದು ಮಗುವಿನ ಬಗ್ಗೆ ಕೇಳಿದಾಗ ಸಿಕ್ಕಿಬೀಳುತ್ತೀರಿ. "ಹೌದು" ಅಂದರೆ ಕಾನೂನು ಮುರಿದಂತೆ. ನಾನು ಬರೆದುಕೊಂಡಿರುವ ಮಾತು ಇದು: "ಯಾವ ಮಗುವಿನ ಆರೋಗ್ಯದ ವಿಷಯವನ್ನೂ ಇನ್ನೊಬ್ಬರ ಹತ್ತಿರ ಮಾತಾಡುವುದಿಲ್ಲ. ನಿಮ್ಮ ಮಗುವಿನದನ್ನೂ ಬೇರೆಯವರ ಹತ್ತಿರ ಆಡುವುದಿಲ್ಲ. ನಿಮ್ಮ ಮಗುವಿನ ಸುರಕ್ಷತೆಗೆ ಶಾಲೆ ಏನು ಮಾಡುತ್ತದೆ ಎಂದು ಬೇಕಾದರೆ ತೋರಿಸುತ್ತೇನೆ, ಬನ್ನಿ."

ನಿವೃತ್ತ_ಹೆಡ್‌ಮಾಸ್ಟರ್

ಹಳ್ಳಿಯಲ್ಲಿ "ಹೇಳೋದಿಲ್ಲ" ಅಂದರೆ "ಹೌದು" ಅಂತಲೇ ಅರ್ಥ ಮೇಡಂ. ಆ ಪೋಷಕರು ಗೇಟು ದಾಟುವ ಮೊದಲೇ ಊರಿಗೆಲ್ಲ ಹಬ್ಬಿರುತ್ತದೆ.

ಕಪ್ಪುಹಲಗೆ

ಅದು ನಿಜ ಸರ್. ಎಚ್‌ಐವಿ ಬಗ್ಗೆ ಕೇಳಿದಾಗ ಮಾತ್ರ ಹಾಗೆ ಅಂದರೆ ಖಂಡಿತ ಹಾಗೇ ಆಗುತ್ತೆ. ಫಿಟ್ಸ್ ಬರುವ ಮಗುವಿನ ಬಗ್ಗೆ, ಹಾಸಿಗೆ ಒದ್ದೆ ಮಾಡುವ ಹಾಸ್ಟೆಲ್ ಮಗುವಿನ ಬಗ್ಗೆ, ಮುಟ್ಟಿನ ನೋವಿಗೆ ರಜೆ ಹಾಕಿದ ಹುಡುಗಿಯ ಬಗ್ಗೆ ಕೇಳಿದರೂ ಇದೇ ಉತ್ತರ ಬರಬೇಕು. ಜೂನ್‌ನ ಮೊದಲ ಪೋಷಕರ ಸಭೆಯಲ್ಲೇ ಹೇಳಿಬಿಡಬೇಕು. ಆಗ ಯಾರೂ ಅದರಲ್ಲಿ ಗುಟ್ಟು ಹುಡುಕುವುದಿಲ್ಲ.

ಬಿಎಡ್_ಶಿವಮೊಗ್ಗ

ನನ್ನ ಇಂಟರ್ನ್‌ಶಿಪ್ ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೆರೆದು ನೋಡಿದೆ. ಅವಧಿ ಮುಗಿದ ಮುಲಾಮು, ಅರ್ಧ ಸುರುಳಿ ಬ್ಯಾಂಡೇಜ್, ಒಂದು ಕತ್ತರಿ. ಕೈಗವಸು ಇಲ್ಲ. ಕೇಳಿದರೆ "ಅನುದಾನ ಬಂದಾಗ ನೋಡೋಣ" ಅಂದರು. ಯಾವ ಲೆಕ್ಕದಲ್ಲಿ ತರಿಸಬಹುದು?

ನಿವೃತ್ತ_ಹೆಡ್‌ಮಾಸ್ಟರ್

ಶಾಲಾ ಅನುದಾನದಲ್ಲೇ ಬರುತ್ತದೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಡಾವಳಿ ಬರೆಸಿ. ಕೈಗವಸು, ಬ್ಲೀಚಿಂಗ್ ಪುಡಿ, ಸಾಬೂನು ಅಂತ ಮೂರೂ ಒಟ್ಟಿಗೆ ಹಾಕಿ, ಇಲ್ಲದಿದ್ದರೆ ಪ್ರತಿಯೊಂದಕ್ಕೂ ಬೇರೆ ಬಿಲ್ಲು ಕೇಳುತ್ತಾರೆ. ದಾನಿಗಳೂ ಕೊಡುತ್ತಾರೆ, ಊರಿನ ಮೆಡಿಕಲ್ ಸ್ಟೋರಿನವರನ್ನು ಕೇಳು. ಎಚ್‌ಐವಿಗೆ ಅಂತ ಮಾತ್ರ ಹೇಳಬೇಡ.

ಕೈಗವಸಿನ ಮಾತು ಒಪ್ಪಿದೆ, ಪಟ್ಟಿ ಬೇಡ ಅನ್ನುವುದನ್ನೂ ಒಪ್ಪಿದೆ. ಮುಖ್ಯೋಪಾಧ್ಯಾಯನಿಗೂ ಗೊತ್ತಿರಬಾರದು ಅನ್ನುವುದನ್ನು ಇನ್ನೂ ಒಪ್ಪಿಲ್ಲ. ಮೈದಾನದಲ್ಲಿ ಮಗು ತಲೆಸುತ್ತಿ ಬಿದ್ದರೆ ಆಸ್ಪತ್ರೆಯವರು ಯಾವ ಔಷಧಿ ತಗೊಳ್ತಾ ಇದೆ ಅಂತ ನನ್ನನ್ನೇ ಕೇಳೋದು.

ಗುಳಿಗೆ_ಲೆಕ್ಕ

ಅದಕ್ಕ ಎಲ್ಲಾ ಮಕ್ಕಳದ್ದೂ ಮನೀ ಫೋನ್ ನಂಬರ್ ಇಟ್ಟಿರತೀರಲ್ಲ ಸರ. ಆಸ್ಪತ್ರಿಯವರ ಕೈಗೆ ಫೋನ್ ಕೊಡ್ರಿ, ತಾಯಿ ಡಾಕ್ಟರಿಗೆ ಹೇಳ್ತಾಳ.

ನಿವೃತ್ತ_ಹೆಡ್‌ಮಾಸ್ಟರ್

ಹೊಲದಲ್ಲಿ ಇರ್ತಾಳೆ, ಎತ್ತಲ್ಲ.

ಗುಳಿಗೆ_ಲೆಕ್ಕ

ಎರಡ ನಂಬರ್ ತಗೋರಿ ಸರ 😄